ಹಗ್ಗದ ಕೊನೆಯಲ್ಲಿ ಅಂಜಿನಮ್ಮ

ಚಿಕ್ಕಬಾಣಾವರದ ವೆಂಕಟಪ್ಪನ ಮನೆತನದಲ್ಲಿ ತೆಳ್ಳಗಿದ್ದವರು ಹೊರಗಿನಿಂದ ಬಂದ ಸೊಸೆಯರು ಮಾತ್ರ, ಅವರೂ ಮದುವೆಯಾದ ಹೊಸತರಲ್ಲಿ ಮಾತ್ರ ಎಂದು ಊರಿನವರು ನಗುತ್ತಿದ್ದರು. ಆ ಮನೆಯ ಗಂಡಸರು ಬಂದರೆ ಬಾಗಿಲು ತುಂಬುತ್ತಿತ್ತು, ಹೆಂಗಸರು ಕೂತರೆ ಜಗಲಿ ತುಂಬುತ್ತಿತ್ತು. ವೆಂಕಟಪ್ಪನ ತಾಯಿ ಪಿಳ್ಳಮ್ಮ ಅಷ್ಟು ದಪ್ಪವಿದ್ದೂ ರಾಗಿ ಚೀಲವನ್ನು ಯಾರ ಕೈಯನ್ನೂ ಕಾಯದೆ ಅಟ್ಟಕ್ಕೇರಿಸುತ್ತಿದ್ದಳು. ಅವಳ ಮೈಯನ್ನು ಯಾರೂ ರೋಗವೆಂದು ಕರೆದಿರಲಿಲ್ಲ. ‘ಗಟ್ಟಿ ಜೀವ’ ಎನ್ನುತ್ತಿದ್ದರು, ಅಷ್ಟೆ.

ಅದೇ ಮೈ ಮೊಮ್ಮಗಳು ಅಂಜಿನಮ್ಮನಿಗೆ ಬಂತು. ಆದರೆ ಅಷ್ಟು ಹೊತ್ತಿಗೆ ರಾಗಿ ಹೊಲವೆಲ್ಲ ಲೇಔಟಾಗಿ, ಅದರ ಮೇಲೆ ಬಾಡಿಗೆ ಮನೆಗಳೆದ್ದು, ‘ಗಟ್ಟಿ ಜೀವ’ ಅನ್ನುವ ಮಾತು ಹಳೆಯವರ ಜೊತೆಗೇ ಹೋಗಿಬಿಟ್ಟಿತ್ತು. ಆ ಜಾಗಕ್ಕೆ ‘ಓವರ್‌ವೆಯ್ಟು’ ಬಂದು ಕೂತಿತ್ತು.

ಅಂಜಿನಮ್ಮ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕಾರು, ಲಾರಿಗಳ ಒಳಗೆ ಹರಿಯುವ ವೈರುಗಳನ್ನು ಜಡೆ ಹೆಣೆದಂತೆ ಹೆಣೆದು ಕಟ್ಟು ಮಾಡುವ ಕೆಲಸ. ಗಂಡ ಕೃಷ್ಣಪ್ಪ ಊರಿನಲ್ಲೇ ನಾಲ್ಕು ಹಸು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದ. ಮಗಳು ಯಮುನಾ ಡಿಗ್ರಿ ಮೊದಲನೇ ವರ್ಷ. ಹೊತ್ತಿಗೆ ಸರಿಯಾಗಿ ಎದ್ದು, ಹಸುಗಳ ಸಗಣಿ ಬಾಚಿ, ಅಡುಗೆ ಮಾಡಿ, ಬಸ್ಸು ಹಿಡಿದು, ದಿನವೆಲ್ಲ ನಿಂತು ಕೆಲಸ ಮಾಡಿ ಬರುವ ಹೆಂಗಸನ್ನು ಜನ ಸೋಮಾರಿ ಎಂದುಕೊಳ್ಳುತ್ತಿದ್ದರು. ಯಾಕೆಂದರೆ ದಪ್ಪಗಿದ್ದಳು. ಬಸ್ಸಿನಲ್ಲಿ ಯಾರಾದರೂ “ಅಕ್ಕ, ಎರಡು ಟಿಕೆಟ್ ತಗೋಬೇಕು ನೀವು” ಎಂದರೆ ಅವರಿಗಿಂತ ಮುಂಚೆ ತಾನೇ ನಕ್ಕುಬಿಡುತ್ತಿದ್ದಳು. ಮೊದಲು ನಕ್ಕವರಿಗೆ ಕಡಿಮೆ ನೋಯುತ್ತದೆ ಎಂದು ಅವಳ ಲೆಕ್ಕ. ಹಾಗೇನೂ ಆಗುತ್ತಿರಲಿಲ್ಲ.

ಆ ವರ್ಷ ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ಆಯಿತು. ಅಂಜಿನಮ್ಮನಿಗೆ ಬಿಪಿ ಜಾಸ್ತಿಯಿತ್ತು, ಸಕ್ಕರೆ ಗಡಿ ಮುಟ್ಟಿ ನಿಂತಿತ್ತು. ಬಿಪಿಗೆ ಮಾತ್ರೆ ಬರೆದುಕೊಟ್ಟರು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎಚ್‌ಆರ್‌ನ ಶಶಿಕುಮಾರ್‌ಗೆ ಉತ್ಸಾಹ ಹೆಚ್ಚು. ವಯಸ್ಸು ಚಿಕ್ಕದು, ಮನಸ್ಸು ಕೆಟ್ಟದ್ದಲ್ಲ, ಎಲ್ಲವನ್ನೂ ಸ್ಪರ್ಧೆ ಮಾಡಿದರೆ ಸರಿಹೋಗುತ್ತದೆ ಎಂದು ನಂಬಿದ್ದವನು. ಕ್ಯಾಂಟೀನಿನ ಗೋಡೆಗೆ ದೊಡ್ಡ ಹಲಗೆಯೊಂದನ್ನು ಹೊಡೆಸಿ, ಒಬ್ಬೊಬ್ಬರ ಹೆಸರನ್ನೂ ಒಂದೊಂದು ಚೀಟಿಯಲ್ಲಿ ಬರೆಸಿ, ಪಕ್ಕದಲ್ಲಿ ತೂಕ ಹಾಕಿಸಿದ. ತೂಕ ಸರಿಯಿದ್ದವರಿಗೆ ಹಸಿರು ಚುಕ್ಕೆ, ಕಡಿಮೆಯಿದ್ದವರಿಗೆ ಹಳದಿ, ಹೆಚ್ಚಿದ್ದವರಿಗೆ ಕೆಂಪು. ತಿಂಗಳಿಗೊಮ್ಮೆ ತೂಗಿ, ಯಾರು ಹೆಚ್ಚು ಇಳಿದರೋ ಅವರಿಗೆ ಬಹುಮಾನ.

ಹಲಗೆಯ ತುತ್ತತುದಿಯಲ್ಲಿ, ಹಣೆಗೆ ಕುಂಕುಮವಿಟ್ಟಂತೆ ಕೆಂಪು ಚುಕ್ಕೆ ಇಟ್ಟುಕೊಂಡು, ಅಂಜಿನಮ್ಮನ ಹೆಸರು ಕೂತಿತು.

ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ಮೊದಲು ಹಲಗೆ ನೋಡುತ್ತಿದ್ದರು, ಆಮೇಲೆ ಅವಳ ತಟ್ಟೆ ನೋಡುತ್ತಿದ್ದರು. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನು ಬಿಟ್ಟಳು. ಆಮೇಲೆ ಮೊದಲನೇ ಸಲದ್ದನ್ನೂ ಬಿಟ್ಟಳು. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಮಧ್ಯಾಹ್ನ ಸೌತೆಕಾಯಿ, ಸಂಜೆ ಒಂದು ಲೋಟ ಮಜ್ಜಿಗೆ. ಕೃಷ್ಣಪ್ಪ ಮುದ್ದೆ ಮುರಿಯುತ್ತ, “ಇದೇನೇ ಇದು, ಅಸೂಗೆ ಆಕೋ ಉಲ್ಲಿನಷ್ಟೂ ತಿನ್ನಲ್ವಲ್ಲ ನೀನು” ಎಂದು ರೇಗುತ್ತಿದ್ದ. ತಿಂಗಳ ಕೊನೆಗೆ ತೂಕ ಇಳಿದಿತ್ತು. ಕ್ಯಾಂಟೀನಿನಲ್ಲಿ ಚಪ್ಪಾಳೆ ತಟ್ಟಿಸಿದರು. ಒಂದು ನೀರಿನ ಬಾಟಲಿ ಬಹುಮಾನ ಕೊಟ್ಟರು. ಮನೆಗೆ ಬಂದು ತಲೆ ಬಾಚಿಕೊಂಡರೆ ಕೂದಲು ಬಾಚಣಿಗೆಯ ತುಂಬ ಬರುತ್ತಿತ್ತು. ನಿದ್ದೆ ಹತ್ತುತ್ತಿರಲಿಲ್ಲ. ಮುಂದಿನ ತಿಂಗಳು ನೆಂಟರ ಮನೆಯ ಬೀಗರೂಟದಲ್ಲಿ ಹಸಿವು ತಡೆಯದೆ ಊಟ ಮಾಡಿದಳು, ತೂಕ ಹೋದ ದಾರಿಯಲ್ಲೇ ವಾಪಸು ಬಂತು. ಶಶಿಕುಮಾರ್ “ಯಾಕ್ ಅಂಜಿನಮ್ಮ, ವಿಲ್‌ಪವರ್ ಎಲ್ಲಿ?” ಎಂದು ಎಲ್ಲರೆದುರು ಕೇಳಿದ. ಅವಳು ಮತ್ತೆ ಉಪವಾಸಕ್ಕೆ ಬಿದ್ದಳು.

ಹಾಗೆ ಉಪವಾಸವಿದ್ದ ಒಂದು ದಿನ ಕೆಲಸದ ಮೇಜಿನ ಮುಂದೆ ನಿಂತಿದ್ದವಳಿಗೆ ಕೈಯಲ್ಲಿದ್ದ ಹಳದಿ ವೈರು ಯಾವುದು, ನೀಲಿ ವೈರು ಯಾವುದು ಎನ್ನುವುದೇ ತಿಳಿಯದಾಯಿತು. ಪಕ್ಕದ ಮೇಜಿನ ವನಜಾ ‘ಅಕ್ಕಾ’ ಎಂದು ಕೂಗಿದ್ದು ಬಾವಿಯ ಆಳದಿಂದ ಕೇಳಿದಂತೆ ಕೇಳಿತು. ಕಣ್ಣು ಬಿಟ್ಟಾಗ ಕಾರ್ಖಾನೆಯ ಶುಶ್ರೂಷೆ ಕೋಣೆಯಲ್ಲಿ ಮಲಗಿದ್ದಳು. ತಲೆಯ ಹತ್ತಿರ ನರ್ಸ್ ಮರಿಯಮ್ಮ ಗ್ಲೂಕೋಸ್ ನೀರು ಕಲಸುತ್ತಿದ್ದಳು.

“ಬೆಳಿಗ್ಗೆ ಏನ್ ತಿಂದ್ರಿ?”

“ಏನೂ ಇಲ್ಲ ಸಿಸ್ಟರ್.”

“ನಿನ್ನೆ ರಾತ್ರಿ?”

ಅಂಜಿನಮ್ಮನಿಗೆ ಅಳು ಬಂತು.

“ಮೊದ್ಲು ಇದನ್ನ ಕುಡೀರಿ, ಎರಡು ಬಿಸ್ಕತ್ತು ತಿನ್ನಿ. ಆಮೇಲೆ ಅಳ್ತೀರಂತೆ.” ಮರಿಯಮ್ಮ ಕುರ್ಚಿ ಎಳೆದುಕೊಂಡು ಕೂತಳು. “ಖಾಲಿ ಹೊಟ್ಟೇಲಿ ಬಿಪಿ ಮಾತ್ರೆ ನುಂಗಿ ದಿನವೆಲ್ಲ ನಿಂತ್ಕೊಂಡ್ರೆ ಬೀಳದೆ ಇನ್ನೇನಾಗುತ್ತೆ? ನೋಡಿ, ನಿಮ್ ವಂಶದ ಮೈ ಇದು. ಸೌತೆಕಾಯಿ ತಿಂದ್ರೆ ವಂಶ ಬದಲಾಗಲ್ಲ. ನಿಮ್ ಬಿಪಿ, ನಿಮ್ ಸಕ್ಕರೆ, ನಿಮ್ ನಿದ್ದೆ, ಇವೆಲ್ಲ ನಮ್ ಕೈಗೆ ಸಿಗ್ತವೆ, ಅವನ್ನ ಸರಿ ಮಾಡೋಣ. ಹೊತ್ತೊತ್ತಿಗೆ ಊಟ ಮಾಡಿ. ಮುದ್ದೆ ತಿನ್ನಿ, ಕಾಳು ತಿನ್ನಿ, ಸೊಪ್ಪು ತಿನ್ನಿ. ದಿನಾ ಮೈ ಬಗ್ಗಿಸೋ ಅಂಥದ್ದು ಏನಾದ್ರೂ ಮಾಡಿ. ತೂಕದ ಮಷೀನ್ ಹತ್ರ ಮಾತ್ರ ಸದ್ಯಕ್ಕೆ ಸುಳಿಯಬೇಡಿ.”

ಅಂದು ಸಂಜೆ ಮನೆಗೆ ಬಂದು, ಮಗಳ ಊಟದ ಡಬ್ಬಿ ತೊಳೆಯಲು ತೆಗೆದರೆ ಚಪಾತಿ ಹಾಕಿ ಕಳಿಸಿದ್ದು ಹಾಕಿದಂತೆಯೇ ಇತ್ತು.

“ಯಾಕಮ್ಮಿ ತಿಂದಿಲ್ಲ?”

“ಹಸಿವಿರ್ಲಿಲ್ಲ.”

“ನಿನ್ನೇನೂ ಇಂಗೇ ಬಂದಿತ್ತು.”

ಯಮುನಾ ಪುಸ್ತಕದಿಂದ ಮುಖ ಎತ್ತಲಿಲ್ಲ. “ನೀನೂ ತಿನ್ನಲ್ವಲ್ಲ,” ಎಂದಳು. ಪುಟ ತಿರುಗಿಸುತ್ತ, “ನಂಗೂ ನಿನ್ ಥರಾನೇ ತೋಳು ಬರ್ತಿದೆ ಅಮ್ಮ. ಕಾಲೇಜಲ್ಲಿ ಅಂತಾರೆ. ನಿನ್ ಥರ ಆಗ್ಬಿಡ್ತೀನೇನೋ ಅಂತ ಭಯ,” ಎಂದಳು.

ಅಂಜಿನಮ್ಮನ ಕೈಯಲ್ಲಿ ಡಬ್ಬಿ ಹಾಗೇ ಉಳಿಯಿತು. ಬಸ್ಸಿನವರು, ಕ್ಯಾಂಟೀನಿನವರು, ಮದುವೆ ಮನೆಯ ಅತ್ತಿಗೆ ನಾದಿನಿಯರು, ಇಷ್ಟು ವರ್ಷ ಆಡಿದ ಮಾತೆಲ್ಲ ಒಟ್ಟುಗೂಡಿದರೂ ಈ ಒಂದು ಮಾತಿನಷ್ಟು ಆಳಕ್ಕೆ ಇಳಿದಿರಲಿಲ್ಲ. ಊಟ ಬಿಡುವುದನ್ನು ಮಗಳು ಕಾಲೇಜಿನವರಿಂದ ಕಲಿತಿರಲಿಲ್ಲ. ಅಡುಗೆಮನೆಯಲ್ಲಿ ತಾಯಿ ತನ್ನ ಮೈಯನ್ನು ತಾನೇ ಶಿಕ್ಷಿಸುವುದನ್ನು ದಿನಾ ನೋಡಿ ಕಲಿತಿದ್ದಳು. ಒಲೆಗೆ ಎಸರಿಟ್ಟು, ಮುದ್ದೆ ತೊಳಸಿ, ಹುರುಳಿಕಾಳಿನ ಉಪ್ಸಾರು ಮಾಡಿ, ಎರಡು ತಟ್ಟೆಗೆ ಬಡಿಸಿದಳು. ಒಂದು ಮಗಳ ಮುಂದೆ, ಒಂದು ತನ್ನ ಮುಂದೆ.

“ನಾನು ತಿಂತೀನಿ. ನೀನೂ ತಿನ್ನು,” ಎಂದಳು. ಇಬ್ಬರೂ ಉಂಡರು.

ಮಾರನೆಯ ದಿನ ಕ್ಯಾಂಟೀನ್ ತುಂಬಿರುವ ಹೊತ್ತಿನಲ್ಲೇ ಅಂಜಿನಮ್ಮ ಹಲಗೆಯ ಮುಂದೆ ಹೋಗಿ ನಿಂತಳು. ತನ್ನ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು, ಎಂಜಲು ತಟ್ಟೆ ತೊಳೆಯುವ ಬಕೆಟ್ಟಿಗೆ ಹಾಕಿದಳು. ಶಶಿಕುಮಾರ್ ತಟ್ಟೆ ಬಿಟ್ಟು ಎದ್ದು ಬಂದ.

“ಏನಿದು ಅಂಜಿನಮ್ಮ? ಇದು ಕಂಪನಿ ಪ್ರೋಗ್ರಾಂ. ನಿಮ್ ಒಳ್ಳೇದಕ್ಕೆ ತಾನೇ ಮಾಡಿರೋದು?”

“ಒಳ್ಳೇದಕ್ಕೆ ಅಂದ್ರೆ ನನ್ನ ಒಬ್ಳನ್ನೇ ಕರೆದು ಏಳಿ ಸಾರ್, ಕೇಳ್ತೀನಿ. ನನ್ ಬಿಪಿ ನಾನ್ ನೋಡ್ಕೋತೀನಿ, ಮಾತ್ರೆ ನುಂಗ್ತೀನಿ, ನಡೀತೀನಿ. ಆದ್ರೆ ನಾನ್ ಎಷ್ಟು ತೂಗ್ತೀನಿ ಅಂತ ಸಾಂಬಾರ್ ಬಡಿಸೋನಿಗೆ ಯಾಕೆ ಗೊತ್ತಾಗ್ಬೇಕು?”

ಸಾಂಬಾರ್ ಬಡಿಸುತ್ತಿದ್ದವನು ಸೌಟು ಕೆಳಗಿಟ್ಟು, ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ ಗೋಡೆ ಕಡೆ ತಿರುಗಿದ. ಯಾರೋ ನಕ್ಕರು. ಆದರೆ ಆ ನಗು ಅಂಜಿನಮ್ಮನ ಮೇಲಿನದಾಗಿರಲಿಲ್ಲ. ಅಷ್ಟರಲ್ಲಿ ವನಜಾ ಎದ್ದಳು. ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣ್ಣಗಿದ್ದ ಹುಡುಗಿ. ಅವಳ ಹೆಸರಿನ ಮುಂದೆ ಹಳದಿ ಚುಕ್ಕೆಯಿತ್ತು, ಎಲ್ಲರೂ ‘ಕಡ್ಡಿ’ ಎಂದು ಕರೆಯುತ್ತಿದ್ದರು. ಅವಳೂ ತನ್ನ ಚೀಟಿ ಕಿತ್ತಳು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಊಟದ ಹೊತ್ತು ಮುಗಿಯುವಷ್ಟರಲ್ಲಿ ಹಲಗೆ ಬರಿದಾಗಿತ್ತು. ಮರಿಯಮ್ಮ ಬಂದು, ಜನರ ಆರೋಗ್ಯದ ವಿಷಯ ಗೋಡೆಗೆ ಅಂಟಿಸುವಂಥದ್ದಲ್ಲ ಎಂದು ಶಶಿಕುಮಾರ್‌ಗೆ ಮೆತ್ತಗೆ ಹೇಳಿದಳು. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ಹಲಗೆಯನ್ನೇ ತೆಗೆಸಿದ.

ಗೆದ್ದೆ ಎಂದು ಅಂಜಿನಮ್ಮನಿಗೆ ಅನಿಸಲಿಲ್ಲ. ಎದೆಯ ಮೇಲಿನ ಕಲ್ಲೊಂದು ಸರಿದಂತಾಯಿತು, ಅಷ್ಟೆ. ಮರಿಯಮ್ಮ ಹೇಳಿದ್ದ ‘ಮೈ ಬಗ್ಗಿಸುವಂಥದ್ದು’ ಏನು ಎಂದು ಮಾತ್ರ ತಿಳಿಯಲಿಲ್ಲ. ಜಿಮ್ಮಿನ ಬಾಗಿಲವರೆಗೆ ಒಮ್ಮೆ ಹೋಗಿ, ಒಳಗಿನ ಕನ್ನಡಿಗಳನ್ನು ನೋಡಿ ವಾಪಸು ಬಂದಿದ್ದಳು.

ಉತ್ತರ ತಂದವನು ಕಾರ್ಖಾನೆಯ ಗೇಟಿನ ಕಾವಲುಗಾರ ಸಿದ್ರಾಮ. ವಿಜಯಪುರದ ಕಡೆಯವನು, ಸೈನ್ಯದಲ್ಲಿದ್ದು ನಿವೃತ್ತನಾಗಿ ಇಲ್ಲಿಗೆ ಬಂದವನು. ಪೀಣ್ಯದ ಕಾರ್ಖಾನೆಗಳೆಲ್ಲ ಸೇರಿ ರಾಜ್ಯೋತ್ಸವದ ಹೊತ್ತಿಗೆ ನಡೆಸುವ ಕ್ರೀಡಾಕೂಟದಲ್ಲಿ ಹೆಂಗಸರ ಹಗ್ಗಜಗ್ಗಾಟಕ್ಕೆ ತಂಡ ಕಟ್ಟುವ ಕೆಲಸ ಅವನಿಗೆ ಬಿದ್ದಿತ್ತು. ಒಂದು ದಿನ ಸರಕು ತುಂಬಿದ ಟ್ರಾಲಿಯೊಂದು ಇಳಿಜಾರಿನಲ್ಲಿ ಸಿಕ್ಕಿಕೊಂಡಾಗ, ಇಬ್ಬರು ಗಂಡಸರು ತಳ್ಳಿ ಸೋತದ್ದನ್ನು ಅಂಜಿನಮ್ಮ ಬೆನ್ನು ಕೊಟ್ಟು, ಹಿಮ್ಮಡಿ ಊರಿ, ಮೇಲಕ್ಕೆ ಹತ್ತಿಸಿದ್ದನ್ನು ಅವನು ನೋಡಿದ.

“ಅಕ್ಕಾರ, ನೀವು ನಮ್ಮ ಹಗ್ಗಕ್ಕ ಬರ್ರಿ. ಕಟ್ಟಕಡೀಕ ನಿಂದರಾಕ ಒಬ್ಬರು ಬೇಕಾಗ್ಯಾರ.”

ಅಂಜಿನಮ್ಮನ ಮುಖ ಗಂಟಾಯಿತು. “ದಪ್ಪ ಇದ್ದೀನಿ ಅಂತ ಕರೀತಿದ್ದೀಯೇನಣ್ಣ?”

“ದಪ್ಪ ಬೇಕಂದ್ರ ಗೋದಾಮಿನ್ಯಾಗ ಮೂಟಿ ಬೇಕಾದಷ್ಟು ಬಿದ್ದಾವರಿ. ಒಂದಕ್ಕೂ ಕಾಲು ಊರಾಕ ಬರೂದಿಲ್ಲ. ನೀವು ಕಾಲು ಊರೂ ರೀತಿ ನೋಡಿ ಕರೀಲಿಕ್ಕತ್ತೀನಿ.”

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಹಾಸ್ಯವಿರಲಿಲ್ಲ. ಬರುತ್ತೇನೆಂದು ತಲೆಯಾಡಿಸಿದಳು.

ಪಾಳಿ ಮುಗಿದ ಮೇಲೆ ಗೋದಾಮಿನ ಹಿಂದಿನ ಬಯಲಿನಲ್ಲಿ ಅಭ್ಯಾಸ. ಬೇವಿನ ಮರದ ಕೊಂಬೆಗೆ ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ ಮರಳು ತುಂಬಿದ ಡ್ರಮ್ಮು, ಇನ್ನೊಂದು ತುದಿಗೆ ಎಂಟು ಹೆಂಗಸರು. ಮುಂದೆ ಕಡ್ಡಿಯಂಥ ವನಜಾ, ಕೊನೆಯಲ್ಲಿ ಅಂಜಿನಮ್ಮ. ಕೊನೆಯವರಿಗೆ ಮಾತ್ರ ಹಗ್ಗವನ್ನು ಕಂಕುಳ ಕೆಳಗಿಂದ ಬೆನ್ನಿನ ಮೇಲೆ ಓರೆಯಾಗಿ ಹಾಯಿಸಿ, ಇನ್ನೊಂದು ಹೆಗಲಿನಿಂದ ಇಳಿಬಿಡುತ್ತಾರೆ. ಮುಂದಿನ ಏಳು ಜನರೂ ಅವರನ್ನು ನಂಬಿ ಹಿಂದಕ್ಕೆ ವಾಲುತ್ತಾರೆ.

“ಕೈಲೆ ಎಳೀಬ್ಯಾಡ್ರಿ! ಕೈ ಬರೇ ಕೊಂಡಿ. ಕಾಲಿಲೆ ಎಳೀರಿ!” ಎಂದು ಸಿದ್ರಾಮ ಕೂಗುತ್ತಿದ್ದ.

ಮೊದಲ ವಾರ ಅಂಜಿನಮ್ಮನಿಗೆ ಮೆಟ್ಟಿಲು ಇಳಿಯಲೂ ಆಗುತ್ತಿರಲಿಲ್ಲ. ಅಂಗೈ ಸುಲಿದು, ಕೃಷ್ಣಪ್ಪ ರಾತ್ರಿ ಹರಳೆಣ್ಣೆ ಹಚ್ಚಿದ. ಆದರೆ ಆ ನೋವಿನಲ್ಲಿ ಒಂದು ಸುಖವಿತ್ತು. ಇಷ್ಟು ವರ್ಷ ಬಚ್ಚಿಡಲು, ಕುಗ್ಗಿಸಲು, ಸೀರೆಯಲ್ಲಿ ಸುತ್ತಿ ಮರೆಮಾಡಲು ಹೆಣಗಿದ ಮೈ ಇಲ್ಲಿ ಕೆಲಸಕ್ಕೆ ಬರುತ್ತಿತ್ತು. ತೊಡೆ ನೆಲ ಕಚ್ಚುತ್ತಿತ್ತು. ಬೆನ್ನು ಹಗ್ಗವನ್ನು ಹೊರುತ್ತಿತ್ತು. ಹಸಿವಾಗುತ್ತಿತ್ತು, ಉಣ್ಣುತ್ತಿದ್ದಳು. ಮುದ್ದೆ, ಮೊಳಕೆ ಕಾಳು, ಸೊಪ್ಪಿನ ಸಾರು, ಬೇಯಿಸಿದ ಮೊಟ್ಟೆ. ಮಲಗಿದರೆ ಕೋಳಿ ಕೂಗುವವರೆಗೆ ಎಚ್ಚರವಿರುತ್ತಿರಲಿಲ್ಲ. ಬಸ್ಸಿಗೆ ಕಾಯುವ ಬದಲು ಎರಡು ಸ್ಟಾಪು ನಡೆದೇ ಬರತೊಡಗಿದಳು, ಮಂಡಿನೋವು ಯಾವಾಗ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ. ಮರಿಯಮ್ಮ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಗಡಿಯಿಂದ ಈಚೆಗೆ ಬಂದಿತ್ತು, ಬಿಪಿ ಮಾತು ಕೇಳುತ್ತಿತ್ತು.

“ತೂಕ?” ಎಂದು ಅಂಜಿನಮ್ಮ ಅಭ್ಯಾಸಬಲದಿಂದ ಕೇಳಿದಳು.

“ನಾನು ಕೇಳಿದ್ನಾ?” ಎಂದಳು ಮರಿಯಮ್ಮ.

ಯಮುನಾ ಒಂದು ಸಂಜೆ ಕಾಲೇಜಿನಿಂದ ನೇರ ಅಭ್ಯಾಸ ನೋಡಲು ಬಂದಳು. ಅಮ್ಮ ಮೈಯನ್ನು ನೆಲಕ್ಕೆ ಸಮನಾಗಿ ವಾಲಿಸಿ, ಹಲ್ಲು ಕಚ್ಚಿ, ಡ್ರಮ್ಮನ್ನು ಕೊಂಬೆಯವರೆಗೆ ಏರಿಸಿ ಹಿಡಿದು ನಿಂತದ್ದನ್ನು ಬೆರಗಾಗಿ ನೋಡಿದಳು. ದಾರಿಯಲ್ಲಿ ಅಮ್ಮನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಎಷ್ಟ್ ಗಟ್ಟಿಯಾಗಿದೆ ಅಮ್ಮ ಇದು!” ಎಂದಳು. ಆ ವಾರದಿಂದ ಡಬ್ಬಿ ಖಾಲಿಯಾಗಿ ಬರತೊಡಗಿತು.

ಕ್ರೀಡಾಕೂಟದ ದಿನ ಬಯಲಿಗೆ ಬಯಲೇ ಶಾಮಿಯಾನ. ಜಗ್ಗಾಟಕ್ಕೆ ಮೊದಲು ತೂಕ ನೋಡುತ್ತಾರೆಂದು, ಎಂಟು ಜನರ ಒಟ್ಟು ತೂಕಕ್ಕೆ ಮಿತಿಯಿದೆಯೆಂದು ಸಿದ್ರಾಮ ಮೊದಲೇ ಹೇಳಿದ್ದ. ಆದರೂ ಬಯಲಿನ ನಟ್ಟನಡುವೆ, ಎಲ್ಲ ತಂಡಗಳ ಕಣ್ಣೆದುರು ಮಷೀನು ಇಟ್ಟಿರುತ್ತಾರೆಂದು ಅಂಜಿನಮ್ಮ ಎಣಿಸಿರಲಿಲ್ಲ. ಒಬ್ಬೊಬ್ಬರಾಗಿ ಹತ್ತಿ ಇಳಿದರು. ಕೊನೆಗೆ ಅವಳ ಸರದಿ. ಮಷೀನಿನ ಹತ್ತಿರ ಕೂತಿದ್ದ ಹುಡುಗ ಮುಜುಗರಪಟ್ಟು, ಅಂಕಿಯನ್ನು ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಲು ಬಾಗಿದ.

“ಯಾಕಪ್ಪ ಪಿಸಿಪಿಸಿ ಅಂತೀಯ? ಎಲ್ರುದ್ದೂ ಜೋರಾಗಿ ಏಳ್ದೆ ತಾನೇ? ನಂದೂ ಅಂಗೇ ಏಳು,” ಎಂದಳು ಅಂಜಿನಮ್ಮ. ಧ್ವನಿ ನಡುಗಲಿಲ್ಲ. ಅವಳಿಗೇ ಆಶ್ಚರ್ಯವಾಯಿತು.

“ನೂರಾ ನಾಲ್ಕು,” ಎಂದ ಹುಡುಗ.

“ಆಂ, ನೂರಾ ನಾಲ್ಕು,” ಎಂದು ಅವಳು ಸುತ್ತ ನಿಂತವರಿಗೆ ಕೇಳುವಂತೆ ಹೇಳಿ ಇಳಿದಳು. ವನಜಾಳಂಥ ಸಣ್ಣವರಿದ್ದುದರಿಂದ ಒಟ್ಟು ಮಿತಿಯೊಳಗೇ ಇತ್ತು. “ನಾನ್ ಕಡ್ಡಿ ಆಗಿರೋದೂ ಉಪಯೋಗಕ್ಕೆ ಬಂತಲ್ಲಕ್ಕ!” ಎಂದು ವನಜಾ ಕುಣಿದಳು.

ಮೊದಲೆರಡು ತಂಡಗಳನ್ನು ಸಲೀಸಾಗಿ ಎಳೆದು ಹಾಕಿದರು. ಫೈನಲ್ಲಿಗೆ ಬಂದವರು ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರು, ಹಿಂದಿನ ವರ್ಷದ ಚಾಂಪಿಯನ್ನರು. ಒಂದೇ ಅಳತೆಯ ಎಂಟು ಜನ, ಒಂದೇ ಉಸಿರಿನಲ್ಲಿ ಎಳೆಯುವವರು. ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕಿತ್ತು. ಮೊದಲ ಸುತ್ತನ್ನು ಅವರು ಕಣ್ಣು ಮಿಟುಕಿಸುವಷ್ಟರಲ್ಲಿ ಗೆದ್ದರು. ಜನರ ನಡುವಿನಿಂದ ಯಾರೋ, “ದಪ್ಪಕ್ಕ ಜಾರಿದ್ಲು ಮಗಾ!” ಎಂದು ಕೂಗಿದ. ಅಂಜಿನಮ್ಮ ಬೂಟಿನ ಹಿಮ್ಮಡಿಗೆ ಅಂಟಿದ್ದ ಮಣ್ಣನ್ನು ಕೆರೆದು ತೆಗೆದಳು, ತಲೆ ಎತ್ತಲಿಲ್ಲ. ಎರಡನೇ ಸುತ್ತಿಗೆ ಹಿಮ್ಮಡಿ ಮೊದಲೇ ನೆಲದೊಳಗಿತ್ತು. ಇಂಚಿಂಚೇ ಎಳೆದು ಗೆದ್ದರು.

ಮೂರನೆಯದು ಎಷ್ಟು ಹೊತ್ತು ನಡೆಯಿತೆಂದು ಇವತ್ತಿಗೂ ಕಾರ್ಖಾನೆಯಲ್ಲಿ ವಾದವಾಗುತ್ತದೆ. ಹಗ್ಗದ ನಡುವಿನ ಕೆಂಪು ಬಟ್ಟೆ ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. ಶಶಿಕುಮಾರ್ ಟೈ ಸಡಿಲಿಸಿಕೊಂಡು ಗೆರೆಯ ಪಕ್ಕದಲ್ಲಿ ಅರಚುತ್ತಿದ್ದ. ಸಿದ್ರಾಮ ಮಂಡಿಯೂರಿ, “ತಡೀರಿ... ತಡೀರಿ...” ಎನ್ನುತ್ತಿದ್ದ. ಅಂಜಿನಮ್ಮನಿಗೆ ಏನೂ ಕಾಣುತ್ತಿರಲಿಲ್ಲ, ಮುಂದಿದ್ದವಳ ಬೆನ್ನು, ಅದರಾಚೆ ಆಕಾಶ. ಆದರೆ ಬೆನ್ನ ಮೇಲಿನ ಹಗ್ಗ ಮಾತಾಡುತ್ತಿತ್ತು. ಆ ಕಡೆಯವರು ಉಸಿರು ತೆಗೆದುಕೊಂಡದ್ದು, ಯಾರದೋ ಕಾಲು ಕದಲಿದ್ದು, ಎಲ್ಲವೂ ಹಗ್ಗದುದ್ದಕ್ಕೂ ಹರಿದು ಅವಳ ಹೆಗಲಿಗೆ ಬರುತ್ತಿತ್ತು. ಒಂದು ಕ್ಷಣ ಹಗ್ಗ ಕೂದಲೆಳೆಯಷ್ಟು ಸಡಿಲವಾಯಿತು.

“ಈಗ ಎಳೀರ್ರಮ್ಮೀ!” ಎಂದು ಅವಳು ಅಬ್ಬರಿಸಿದಳು.

ಎಂಟು ಜೊತೆ ಕಾಲು ಒಟ್ಟಿಗೆ ಹಿಂದಕ್ಕೆ ಹೋದವು. ಒಂದು ಹೆಜ್ಜೆ. ಮತ್ತೊಂದು. ಕೆಂಪು ಬಟ್ಟೆ ಗೆರೆ ದಾಟಿದ್ದು ಅವಳಿಗೆ ತಿಳಿದದ್ದು, ಹಗ್ಗ ಇದ್ದಕ್ಕಿದ್ದಂತೆ ಹಗುರಾಗಿ ಎಲ್ಲರೂ ಒಬ್ಬರ ಮೇಲೊಬ್ಬರು ಮಗುಚಿ ಬಿದ್ದಾಗ. ಕೆಳಗೆ ಅಂಜಿನಮ್ಮ, ಮೇಲೆ ಏಳು ಜನ, ಅದರ ಮೇಲೆ ಓಡಿ ಬಂದು ಹಾರಿದ ಯಮುನಾ. ಹಾಲು ಹಾಕಿ ನೇರ ಬಯಲಿಗೆ ಬಂದಿದ್ದ ಕೃಷ್ಣಪ್ಪ ಖಾಲಿ ಕ್ಯಾನು ಬಡಿಯುತ್ತ, “ನಮ್ಮನೇಳು ಕಣ್ರಯ್ಯಾ! ಕೊನೇಲಿ ನಿಂತವ್ಳು ನಮ್ಮನೇಳು!” ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಸೋತ ತಂಡದ ಕೊನೆಯ ಹೆಂಗಸು ಬಂದು ಅಂಜಿನಮ್ಮನ ಕೈ ಹಿಡಿದು ಎಬ್ಬಿಸಿ, “ಏನಕ್ಕ ನಿಮ್ ಬಲ! ಏನ್ ತಿಂತೀರಾ?” ಎಂದು ಕೇಳಿದಳು.

“ಮುದ್ದೆ ಕಣಮ್ಮ, ಮೂರೊತ್ತೂ,” ಎಂದಳು ಅಂಜಿನಮ್ಮ, ಮೈಯೆಲ್ಲ ಮಣ್ಣಾಗಿ, ನಗುತ್ತ.

ವಾಪಸು ಬರುವಾಗ ಕಾರ್ಖಾನೆಯ ಸಾಮಾನಿನ ಗಾಡಿಯಲ್ಲೇ ಎಲ್ಲರೂ ನಿಂತುಕೊಂಡು ಹೊರಟರು. ಜಾಲಹಳ್ಳಿ ಕ್ರಾಸಿನಲ್ಲಿ ಎಂದಿನಂತೆ ಟ್ರಾಫಿಕ್ಕು. ಲಾರಿ, ಬಸ್ಸು, ಆಟೋ, ಯಾವುದೂ ಅಲುಗುತ್ತಿರಲಿಲ್ಲ. ಬೈಕಿನವನೊಬ್ಬ ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿ, ಮಣ್ಣು ಮೆತ್ತಿಕೊಂಡ ಹೆಂಗಸರನ್ನೂ ಅವರ ನಡುವೆ ಹೊಳೆಯುವ ಬಹುಮಾನದ ಕಪ್ಪನ್ನೂ ನೋಡಿ, “ಏನಕ್ಕ, ಯಾವ್ ಆಟ ಗೆದ್ರಿ?” ಎಂದು ಕೇಳಿದ.

ಅಂಜಿನಮ್ಮ ಕಪ್ಪನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದಳು.

“ಹಗ್ಗಜಗ್ಗಾಟ ಕಣಣ್ಣ!” ಎಂದು ಕ್ರಾಸಿಗೇ ಕೇಳುವಂತೆ ಕೂಗಿದಳು. “ಬರ್ತೀಯಾ? ನಿನ್ನೂ ನಿನ್ ಬೈಕ್ನೂ ಸೇರಿಸಿ ಎಳೀತೀವಿ!”

ಸುತ್ತಲಿನ ಗಾಡಿಗಳೆಲ್ಲ ಹಾರ್ನು ಹೊಡೆದವು.